‘ಟೆನ್ಷನ್ ಅಷ್ಟೇ’ ಅಂದವರಿಗೆ

ಈ ತಿಂಗಳು ಬಂದ ಪತ್ರಗಳನ್ನು ಓದುತ್ತಾ ಹೋದಂತೆ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಎದೆ ಹೊಡೆದುಕೊಳ್ಳುತ್ತೆ ಅಂದ್ರೆ ‘ಏನಿಲ್ಲ, ಟೆನ್ಷನ್ ಅಷ್ಟೇ’ ಅಂದರಂತೆ. ಶುಗರ್ ಇಳೀತಿಲ್ಲ ಅಂದ್ರೆ ‘ಟೆನ್ಷನ್ ಮಾಡ್ಕೋಬೇಡಿ ಅಷ್ಟೇ’ ಅಂದರಂತೆ. ದಾವಣಗೆರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ. ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಅದರಲ್ಲಿ ‘ಟೆನ್ಷನ್’ ಅನ್ನೋದು ಸರಿಯಿರಬಹುದು, ‘ಅಷ್ಟೇ’ ಅನ್ನೋದು ತಪ್ಪು. ಹಾಗಾಗಿ ಕೆಮ್ಮು, ಮಂಡಿನೋವಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಇಂಥ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನಗೆ 46 ವರ್ಷ. ಎರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಹೊರಳಿಸೋದು, ಒರೆಸೋದು, ಉಣಿಸೋದು ಎಲ್ಲ ನಾನೇ. ಅವರಿಗೆ ಜೋರಾಗಿ ಕರೆಯೋಕೆ ಆಗಲ್ಲ. ಅದಕ್ಕೆ ರಾತ್ರಿ ನನ್ನ ಸೆರಗಿನ ತುದಿಯನ್ನು ಅವರ ಎಡಗೈ ಬೆರಳಿಗೆ ಗಂಟು ಹಾಕಿ, ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗ್ತೀನಿ. ಆರು ತಿಂಗಳಿಂದ ಎದೆ ಡವಡವ ಅನ್ನುತ್ತೆ, ತಲೆಭಾರ, ಹುಳಿತೇಗು, ಕತ್ತಿನ ಹಿಂದೆ ಹಿಡಿದಂಗೆ ಆಗುತ್ತೆ. ಇಸಿಜಿ, ಎಕೋ, ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್ ಎಲ್ಲ ನಾರ್ಮಲ್. ಈಳಿಗೆ ತಾಗಿ ಬೆರಳು ಕೊಯ್ದುಕೊಂಡಿದ್ದೆ, ಮೂರು ವಾರವಾದರೂ ಪೂರ್ತಿ ಮಾಯಲಿಲ್ಲ. ‘ರಿಪೋರ್ಟೆಲ್ಲ ಚೆನ್ನಾಗಿದೆ, ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ’ ಅಂತಾರೆ ಮನೇಲಿ. ಈಗ ನನಗೇ ಅನುಮಾನ. ನಾನು ನಾಟಕ ಮಾಡ್ತಿದೀನಾ ಮೇಡಂ?
— ಗೃಹಿಣಿ, ದಾವಣಗೆರೆ

ಉತ್ತರ: ಇಲ್ಲ ತಂಗಿ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಆ ಸೆರಗಿನ ಗಂಟಿನ ಸಾಲು ಬಂದಾಗ ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಕಾಯಿಲೆಯ ಅರ್ಧ ಕಥೆ ಆ ಗಂಟಿನಲ್ಲೇ ಇದೆ.

ರಾತ್ರಿ ಹೊಲಕ್ಕೆ ನೀರು ಹಾಯಿಸೋಕೆ ಹೋದವನ ಕಾಲ ಹತ್ತಿರ ಹಾವು ಸರಿಯಿತು ಅಂದುಕೊಳ್ಳಿ. ಅವನು ಯೋಚನೆ ಮಾಡೋ ಮೊದಲೇ ಅವನ ಮೈ ಕೆಲಸ ಶುರು ಮಾಡಿರುತ್ತೆ. ಅಡ್ರಿನಲಿನ್ ಚಿಮ್ಮಿ ಎದೆ ಬಡಿತ ಏರುತ್ತೆ, ಬಿ.ಪಿ. ಏರುತ್ತೆ, ರಕ್ತವೆಲ್ಲ ಕೈಕಾಲಿನ ಮಾಂಸಖಂಡಕ್ಕೆ ಓಡುತ್ತೆ, ಜೀರ್ಣದ ಕೆಲಸ ನಿಂತುಹೋಗುತ್ತೆ. ಬಡಿ ಇಲ್ಲವೇ ಓಡು ಅನ್ನೋ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನೋ ಶರೀರಶಾಸ್ತ್ರಜ್ಞ 1915ರಲ್ಲೇ ವಿವರಿಸಿದ್ದ. ಅದರ ಹಿಂದೆಯೇ ಇನ್ನೊಂದು ಕೆಲಸ ನಡೆಯುತ್ತೆ. ಮೆದುಳಿನ ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತೆ, ಪಿಟ್ಯುಟರಿ ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತೆ, ಅಲ್ಲಿಂದ ಕಾರ್ಟಿಸಾಲ್ ಬರುತ್ತೆ. ಕಾರ್ಟಿಸಾಲ್ ರಕ್ತಕ್ಕೆ ಸಕ್ಕರೆ ಬಿಡಿಸಿ ಕೊಡುತ್ತೆ, ರೋಗ ತಡೆಯುವ ಪಡೆಯನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಕರೆಸಿಕೊಳ್ಳುತ್ತೆ. ಹಾವು ಹೋಯಿತು ಅಂದರೆ ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನಂತೆ ಆಗುತ್ತೆ. ದೇವರು ಕೊಟ್ಟ ಒಳ್ಳೆಯ ಏರ್ಪಾಡು ಇದು. ಇಲ್ಲದಿದ್ದರೆ ನಮ್ಮ ಹಿರಿಯರು ಯಾರೂ ಬದುಕುತ್ತಿರಲಿಲ್ಲ.

ನಿಮ್ಮ ವಿಷಯದಲ್ಲಿ ಹಾವು ಹೋಗಿಲ್ಲ. ನಿಮ್ಮ ಅತ್ತೆಯವರನ್ನು ಹಾವು ಅನ್ನುತ್ತಿಲ್ಲ, ಆ ತಾಯಿ ಏನು ಮಾಡಿಯಾರು. ಸೆರಗು ಯಾವಾಗ ಜಗ್ಗುತ್ತೋ ಅನ್ನೋ ಎಚ್ಚರ ಇದೆಯಲ್ಲ, ನಾನು ಹೇಳ್ತಿರೋದು ಅದನ್ನ. ಎರಡು ವರ್ಷದಿಂದ, ನಿದ್ದೆಯಲ್ಲೂ ನಿಮ್ಮ ಮೈ ಅರ್ಧ ಎದ್ದು ಕೂತೇ ಇದೆ. ಎದೆ ಬಡಿತ, ಕತ್ತಿನ ಬಿಗಿತ, ಹುಳಿತೇಗು ಎಲ್ಲ ಆ ಎಚ್ಚರದ ಕೂಲಿ. ಇಸಿಜಿ ಹಾರ್ಟಿನ ವಿದ್ಯುತ್ ನೋಡುತ್ತೆ, ಎಕೋ ಅದರ ಗೋಡೆ, ಕವಾಟ ನೋಡುತ್ತೆ. ರಾತ್ರಿ ಎಷ್ಟು ಸಲ ಎದ್ದಿರಿ ಅಂತ ಯಾವ ಮಷಿನ್ನೂ ಬರೆದುಕೊಡಲ್ಲ. ರಿಪೋರ್ಟ್ ನಾರ್ಮಲ್ ಅಂದರೆ ಆ ಅಂಗ ಇನ್ನೂ ಕೆಟ್ಟಿಲ್ಲ ಅಂತ ಅರ್ಥ, ನಿಮಗೆ ನೋವಿಲ್ಲ ಅಂತಲ್ಲ.

ಬೆರಳಿನ ಗಾಯದ ಮಾತಿಗೆ ಬರ್ತೀನಿ, ಅದನ್ನು ನೀವು ಬರೆದದ್ದು ಬಹಳ ಒಳ್ಳೇದಾಯಿತು. ಅಮೆರಿಕದ ಒಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ನಿಮ್ಮಂಥ ಹೆಂಗಸರನ್ನೇ ಕೂರಿಸಿ ಒಂದು ಪರೀಕ್ಷೆ ಮಾಡಿದರು. ಮರೆವಿನ ಕಾಯಿಲೆ ಬಂದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು ಒಂದು ಕಡೆ, ಅದೇ ವಯಸ್ಸಿನ, ಅಂಥ ಹೊಣೆ ಇಲ್ಲದ 13 ಹೆಂಗಸರು ಇನ್ನೊಂದು ಕಡೆ. ಎಲ್ಲರ ತೋಳಿನ ಮೇಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ಮಾಯೋವರೆಗೂ ದಿನ ಎಣಿಸಿದರು. ಹೊಣೆ ಇಲ್ಲದವರಿಗೆ ಸರಾಸರಿ 39 ದಿನ, ಹೊಣೆ ಹೊತ್ತವರಿಗೆ ಸುಮಾರು 49 ದಿನ ಹಿಡಿಯಿತು. 1995ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಳತೆಪಟ್ಟಿ ಇಟ್ಟು ನೋಡಿದ ಗಾಯ ಅದು, ನಾಟಕ ಆಡೋಕೆ ಬರಲ್ಲ. ಇಷ್ಟಾದರೂ ಒಂದು ಮಾತು: ಮಾಯದ ಗಾಯಕ್ಕೆ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು. ಶುಗರ್ ನೋಡಿಸಿ ಆರು ತಿಂಗಳಾಗಿದ್ದರೆ ಇನ್ನೊಮ್ಮೆ ನೋಡಿಸಿ, ಈ ಸಲ ಎಚ್‌ಬಿಎ1ಸಿ ಅನ್ನೋ ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿ.

ಇನ್ನು ಔಷಧಿ. ಮುಂದಿನ ಸಾಲುಗಳನ್ನು ನಿಮ್ಮ ಯಜಮಾನರಿಗೆ ಓದೋಕೆ ಕೊಡಿ. ಅವರು ಓದಲಿ ಅಂತಲೇ ಬರೀತಿದ್ದೀನಿ.

ಸ್ವಾಮಿ, ನಿಮ್ಮ ತಾಯಿಗೆ ಲಕ್ವ ಹೊಡೆದಾಗ ನೀವು ಅವರನ್ನು ಆಸ್ಪತ್ರೆಗೆ ಸೇರಿಸಿದಿರಿ, ಖರ್ಚು ಮಾಡಿದಿರಿ, ಅದರಲ್ಲಿ ಕೊರತೆ ಇಲ್ಲ. ಆದರೆ ಎರಡು ವರ್ಷದಲ್ಲಿ ಏಳುನೂರು ರಾತ್ರಿಗಳಾದವು. ಅದರಲ್ಲಿ ನಿಮ್ಮ ಪಾಲಿಗೆ ಎಷ್ಟು ಬಂದವು? ಈ ವಾರದಿಂದ ಮೂರು ರಾತ್ರಿ ನಿಮ್ಮದು. ಆ ಮೂರು ರಾತ್ರಿ ನಿಮ್ಮ ಮನೆಯವರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಬೇಕು. ಸೆರಗಿನ ಗಂಟು ಬಿಚ್ಚಿ. ತಂತಿ ಇಲ್ಲದ ಕರೆಗಂಟೆ ಅಂಗಡಿಯಲ್ಲಿ ಸಿಗುತ್ತೆ. ಗುಂಡಿಯನ್ನು ತಾಯಿಯವರ ಎಡಗೈಗೆ ಎಟುಕೋ ಹಾಗೆ ಕಟ್ಟಿ, ಗಂಟೆಯನ್ನು ಆ ರಾತ್ರಿ ಯಾರ ಪಾಳಿಯೋ ಅವರ ತಲೆದಿಂಬಿನ ಹತ್ತಿರ ಇಡಿ. ಬೆನ್ನು ಹುಣ್ಣಾಗದಂತೆ ಗಾಳಿಹಾಸಿಗೆ ಬಾಡಿಗೆಗಾದರೂ ತನ್ನಿ. ಹಾಸಿಗೆ ಬಂತು ಅಂತ ಹೊರಳಿಸೋದು ಬಿಡೋ ಹಾಗಿಲ್ಲ. ನಿಮ್ಮ ತಂಗಿಯೋ ಅಕ್ಕನೋ ಇದ್ದರೆ ತಿಂಗಳಿಗೆ ನಾಲ್ಕು ದಿನ ಬಂದು ಇರಲಿ, ಅವರಿಗೂ ತಾಯಿ ಅಲ್ಲವೇ.

ಮತ್ತೆ ತಂಗಿ, ನಿಮಗೇ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಸಿದಂತೆ, ಯಾವುದೂ ಬೇಡ ಅನ್ನಿಸಿದೆಯಾ? ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗ ಸಪ್ಪೆ ಅನ್ನಿಸ್ತಿದೆಯಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಮಾನಸಿಕ ತಜ್ಞರನ್ನು ಒಮ್ಮೆ ಕಾಣಿ. ಅದಕ್ಕೂ ಔಷಧಿ ಇದೆ, ಗುಣವಾಗುತ್ತೆ. ಎದೆನೋವಿನ ಜೊತೆ ತಣ್ಣನೆ ಬೆವರು, ಉಬ್ಬಸ, ದವಡೆ ಅಥವಾ ಬೆನ್ನಿಗೆ ಹರಿಯೋ ನೋವು ಬಂದರೆ ‘ಹಿಂದೆ ಇಸಿಜಿ ನಾರ್ಮಲ್ ಇತ್ತು’ ಅಂತ ಕೂರಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಹೆಂಗಸರ ಹಾರ್ಟ್ ಅಟ್ಯಾಕನ್ನು ಗ್ಯಾಸ್ ಅಂತ ಮನೆಯಲ್ಲೇ ಇಟ್ಟುಕೊಂಡು ಕೆಟ್ಟದ್ದನ್ನು ನಾನು ಬಹಳ ನೋಡಿದ್ದೀನಿ.

ಪ್ರಶ್ನೆ: ನಮ್ಮ ಅಪ್ಪನಿಗೆ 58. ಜಗಳೂರು ತಾಲ್ಲೂಕಲ್ಲಿ ಮೆಕ್ಕೆಜೋಳದ ಹೊಲ, ಒಂದೆಕರೆ ಅಡಿಕೆ. 2023ರ ಬರದಲ್ಲಿ ಬೋರು ಬತ್ತಿ ಅಡಿಕೆ ಒಣಗಿತು. ಮತ್ತೆರಡು ಬೋರು ಕೊರೆಸಿದರು, ಧೂಳು ಬಂತು. ಬ್ಯಾಂಕ್ ಸಾಲ, ಸೊಸೈಟಿ ಸಾಲ, ಮೇಲೆ ಕೈಸಾಲ. ಊರಿನ ಆರೋಗ್ಯ ಶಿಬಿರದಲ್ಲಿ ಬಿ.ಪಿ. 170/104 ಅಂದರು. ಮಾತ್ರೆ ಹತ್ತು ದಿನ ತಗೊಂಡು ಬಿಟ್ಟರು. ‘ಸಾಲ ತೀರಿದ್ರೆ ಬಿ.ಪಿ. ತಾನೇ ಇಳಿಯುತ್ತೆ’ ಅಂತಾರೆ. ಬೀಡಿ ಜಾಸ್ತಿ ಆಗಿದೆ. ರಾತ್ರಿ ಎರಡಕ್ಕೆ ಎದ್ದು ಅಂಗಳದಲ್ಲಿ ಕೂತಿರ್ತಾರೆ ಅಂತ ಅವ್ವ ಹೇಳ್ತಾಳೆ. ನಾನು ದಾವಣಗೆರೆಯಲ್ಲಿ ಮೊಬೈಲ್ ಅಂಗಡೀಲಿ ಕೆಲಸ ಮಾಡ್ತೀನಿ. ಚಿಂತೆಗೆ ನಿಜವಾಗ್ಲೂ ಹಾರ್ಟ್ ಅಟ್ಯಾಕ್ ಆಗುತ್ತಾ?
— ಮಗ, ಜಗಳೂರು ತಾಲ್ಲೂಕು

ಉತ್ತರ: ಆಗುತ್ತೆ ತಮ್ಮಾ. 2004ರಲ್ಲಿ ಇಂಟರ್‌ಹಾರ್ಟ್ ಅನ್ನೋ ದೊಡ್ಡ ಅಧ್ಯಯನ ಹೊರಬಂತು. ನಮ್ಮ ದೇಶವೂ ಸೇರಿ 52 ದೇಶಗಳಲ್ಲಿ ಮೊದಲ ಸಲ ಹಾರ್ಟ್ ಅಟ್ಯಾಕ್ ಆದ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು, ಅವರ ಜೊತೆಗೆ ಹೋಲಿಸೋಕೆ ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿ ಕೇಳಿದರು: ಕೆಲಸದ ಕಡೆ ಒತ್ತಡ ಇತ್ತೇ, ಮನೆಯಲ್ಲಿ ಇತ್ತೇ, ಹಣದ ತಾಪತ್ರಯ ಇತ್ತೇ, ವರ್ಷದೊಳಗೆ ದೊಡ್ಡ ಪೆಟ್ಟು ಬಿದ್ದಿತ್ತೇ. ಸದಾಕಾಲ ಒತ್ತಡದಲ್ಲೇ ಇದ್ದೆವು ಅಂದವರಿಗೆ ಅಪಾಯ ಸುಮಾರು ಎರಡು ಪಟ್ಟು ಇತ್ತು. ಬೀಡಿ ಸಿಗರೇಟು, ಬಿ.ಪಿ., ಶುಗರ್, ಕೊಬ್ಬು ಇವುಗಳ ಸಾಲಿನಲ್ಲೇ ಮನಸ್ಸಿನ ಒತ್ತಡವನ್ನೂ ಕೂರಿಸಿದ ಅಧ್ಯಯನ ಅದು. ಅದರ ಮುಂದಾಳು ಡಾ. ಸಲೀಂ ಯೂಸುಫ್ ಎಂ.ಬಿ.ಬಿ.ಎಸ್. ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ.

ಚಿಂತೆ ಎರಡು ದಾರಿಯಲ್ಲಿ ಹಾರ್ಟಿಗೆ ಬರುತ್ತೆ. ಒಂದು ನೇರ ದಾರಿ, ಮೇಲೆ ಹಾವಿನ ಕಥೆಯಲ್ಲಿ ಹೇಳಿದ್ದು. ಇನ್ನೊಂದು ಬಳಸು ದಾರಿ: ಬೀಡಿ ಎರಡು ಕಟ್ಟು ಆಗುತ್ತೆ, ಊಟ ಹೊತ್ತು ತಪ್ಪುತ್ತೆ, ನಿದ್ದೆ ಹಾರುತ್ತೆ, ಮಾತ್ರೆ ನಿಲ್ಲುತ್ತೆ. ನಿಮ್ಮ ಅಪ್ಪನ ಮೇಲೆ ಎರಡೂ ದಾರಿಯಿಂದ ದಾಳಿ ಆಗ್ತಿದೆ.

ನಮ್ಮಪ್ಪನ ವಿಷಯ ಹೇಳ್ತೀನಿ. ಈ ಊರಿನ ಒಂದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯೋ ಕೆಲಸ ಅವರದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ದಾವಣಗೆರೆಗೆ ಹೆಸರಿದ್ದ ಕಾಲ ಮುಗೀತಾ ಬಂದಿತ್ತು. ಗಿರಣಿ ಬಾಗಿಲು ಹಾಕಿದಾಗ ನಾನು ಏಳನೇ ಕ್ಲಾಸು. ಅಪ್ಪ ಆಮೇಲೂ ಎಷ್ಟೋ ತಿಂಗಳು ಬೆಳಿಗ್ಗೆ ಐದಕ್ಕೇ ಎದ್ದು, ಮುಖ ತೊಳೆದು, ಅವ್ವನಿಗೆ ಬುತ್ತಿ ಕಟ್ಟು ಅನ್ನೋರು. ಬುತ್ತಿ ಹಿಡ್ಕೊಂಡು ಗಿರಣಿ ಗೇಟಿನ ತನಕ ನಡೆದುಹೋಗಿ, ಅಲ್ಲಿ ಅಂಟಿಸಿದ್ದ ಚೀಟಿ ಓದಿ, ಅದೇ ಬುತ್ತಿ ವಾಪಸ್ ತಂದು ಜಗಲಿ ಮೇಲೆ ಇಡೋರು. ಆ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ತೆಗೆದಾಗ ರೊಟ್ಟಿ ಇನ್ನೂ ಬೆಚ್ಚಗಿರ್ತಿತ್ತು. ತಲೆನೋವು ಅಂತ ಒಬ್ಬ ಡಾಕ್ಟರ ಹತ್ತಿರ ಹೋದರು. ಅವರು ‘ಮನಸ್ಸಿಗೆ ಹಚ್ಕೊಂಡಿದೀರಿ ಅಷ್ಟೇ, ಏನಿಲ್ಲ’ ಅಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಬಿ.ಪಿ. ಪಟ್ಟಿ ಕಟ್ಟಲಿಲ್ಲ. ಎರಡು ವರ್ಷಕ್ಕೆ ಲಕ್ವ ಹೊಡೆಯಿತು. ಹಚ್ಚಿಕೊಂಡಿದ್ದು ನಿಜ. ಅದರ ಜೊತೆ ಬಿ.ಪಿ. ಇದ್ದದ್ದೂ ನಿಜ. ಒಂದು ಮಾತು ಇನ್ನೊಂದನ್ನು ಮುಚ್ಚಿಹಾಕಿತು.

ಹಾಗಾಗಿ, ಸಾಲ ತೀರಲಿ ಆಮೇಲೆ ನೋಡೋಣ ಅನ್ನೋದು ಬೇಡ. ಮೂರು ನಾಲ್ಕು ವರ್ಷ ಏರಿಯೇ ಇದ್ದ ಬಿ.ಪಿ. ರಕ್ತನಾಳದ ಗೋಡೆಯನ್ನು ಗಟ್ಟಿ ಮಾಡಿಬಿಟ್ಟಿರುತ್ತೆ, ಸಾಲ ತೀರಿದ ಮೇಲೂ ಅದು ಇಳಿಯಲ್ಲ. ಮಾತ್ರೆ ಮತ್ತೆ ಶುರುವಾಗಲಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮಾತ್ರೆ ದುಡ್ಡಿಲ್ಲದೆ ಕೊಡ್ತಾರೆ. ನೋಡಿಸೋ ಮೊದಲು ಐದು ನಿಮಿಷ ಸುಮ್ಮನೆ ಕುರ್ಚಿಗೊರಗಿ ಕೂರಲಿ, ಅರ್ಧ ಗಂಟೆಯೊಳಗೆ ಬೀಡಿ, ಟೀ ಬೇಡ.

ಇನ್ನು ನನಗೆ ಹೆಚ್ಚು ಕಳವಳ ಆದದ್ದು ಆ ರಾತ್ರಿ ಎರಡು ಗಂಟೆಯ ಅಂಗಳ. ಈ ವಾರವೇ ಊರಿಗೆ ಹೋಗು. ಅಪ್ಪನ ಪಕ್ಕ ಕೂತು ನೇರವಾಗಿ ಕೇಳು: ‘ಅಪ್ಪಾ, ಸಾಯೋ ಯೋಚನೆ ಬರ್ತಾ ಇದೆಯಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ಜನ ಹೆದರ್ತಾರೆ. ಹಾಗೇನೂ ಆಗಲ್ಲ. ಕೇಳಿದವನೊಬ್ಬ ಸಿಕ್ಕ ಅಂತ ಎಷ್ಟೋ ಜನ ಅತ್ತುಬಿಡ್ತಾರೆ, ಹಗುರಾಗ್ತಾರೆ. ಹೊಲಕ್ಕೆ ಹೊಡೆಯೋ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ ಬೀಗ ಹಾಕು, ಕೀಲಿ ನಿನ್ನ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಇರಲಿ. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೀತಿದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಪ್ಪ ಮಾತಾಡಲ್ಲ ಅಂದರೆ ನೀನೇ ಮಾತಾಡಿ ಏನು ಮಾಡಲಿ ಅಂತ ಕೇಳು. ಮನೋಚೈತನ್ಯ ಅನ್ನೋ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಾನಸಿಕ ತಜ್ಞರು ಬರ್ತಾರೆ, ಯಾವ ದಿನ ಅಂತ ವಿಚಾರಿಸಿಕೊಂಡು ಹೋಗಿ. ಊರ ಜನ ಏನಂದುಕೊಳ್ಳುತ್ತಾರೆ ಅನ್ನೋ ಸಂಕೋಚ ಬೇಡ. ಹಳ್ಳಿ ಹಳ್ಳಿಗೆ ಮಾನಸಿಕ ಚಿಕಿತ್ಸೆ ಮುಟ್ಟಿಸೋ ಕೆಲಸ ಇಡೀ ದೇಶಕ್ಕೆ ಮಾದರಿಯಾಗಿ ಬೆಳೆದದ್ದು ಆಗ ನಮ್ಮ ನೆರೆಯಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಮಾಡಿದ ಪ್ರಯೋಗದಿಂದ.

ಸಾಲದ ಬಗ್ಗೆ ಡಾಕ್ಟರಾಗಿ ನಾನು ಹೇಳಬಹುದಾದದ್ದು ಕಡಿಮೆ. ಆದರೆ ಒಂದು ಹಾಳೆ ತಗೊಂಡು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವಾಗ ಕೊಡಬೇಕು ಅಂತ ಅಪ್ಪ ಹೇಳಿದಂತೆ ನೀನು ಬರಿ. ತಲೆಯೊಳಗೆ ಸುತ್ತುತ್ತಿರೋ ಸಾಲಕ್ಕೆ ಲೆಕ್ಕ ಇರಲ್ಲ, ಹಾಳೆ ಮೇಲೆ ಬಂದದ್ದಕ್ಕೆ ಇರುತ್ತೆ. ಬರ ಘೋಷಣೆಯಾದ ಕಡೆ ಬೆಳೆಸಾಲದ ಅವಧಿ ಮುಂದೂಡೋಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. ಬ್ಯಾಂಕಿಗೆ ಅಪ್ಪನನ್ನು ಒಬ್ಬರನ್ನೇ ಕಳಿಸಬೇಡ, ಜೊತೆಗೆ ಹೋಗು.

ಪ್ರಶ್ನೆ: ಚಿತ್ರದುರ್ಗದ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಮೂರು ಟೇಬಲ್ಲಿನ ಕೆಲಸ ನನ್ನ ಮೇಲಿದೆ. ಯಾವ ಫೈಲು ಯಾವಾಗ ಕೇಳ್ತಾರೋ ಗೊತ್ತಿಲ್ಲ, ರಜೆ ಕೇಳಿದರೆ ಗದರಿಕೆ. ಶುಗರ್ ಮಾತ್ರೆ ತಪ್ಪಿಸಲ್ಲ, ಅನ್ನ ಕಡಿಮೆ ಮಾಡಿದ್ದೀನಿ, ಆದರೂ ಬೆಳಗಿನ ಖಾಲಿ ಹೊಟ್ಟೆಯ ಶುಗರ್ 180ರ ಕೆಳಗೆ ಬರಲ್ಲ. ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ಹೋಳಿಗೆ ತಿಂದರೂ 130 ಬಂತು. ಹೀಗೂ ಉಂಟೇ? ನಿಜಕ್ಕೂ ಟೆನ್ಷನ್ ಜಾಸ್ತಿ ಇರೋದು ದೊಡ್ಡ ಸಾಹೇಬರಿಗಲ್ಲವೇ?
— ನೌಕರ, ಚಿತ್ರದುರ್ಗ

ಉತ್ತರ: ಉಂಟು. ಕಾರ್ಟಿಸಾಲ್ ಲಿವರಿನಿಂದ ಸಕ್ಕರೆ ಬಿಡಿಸುತ್ತೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತೆ. ಅದು ಸಹಜವಾಗಿಯೇ ಬೆಳಗಿನ ಜಾವ ಹೆಚ್ಚಿರುತ್ತೆ. ರಾತ್ರಿಯೆಲ್ಲ ನಾಳೆಯ ಫೈಲು ತಲೆಯಲ್ಲಿ ಓಡಿ ನಿದ್ದೆ ಕೆಟ್ಟರೆ, ತಿನ್ನದ ಸಕ್ಕರೆಯೂ ಬೆಳಿಗ್ಗೆ ರಕ್ತದಲ್ಲಿ ಕಾಣುತ್ತೆ. ಊರಲ್ಲಿ ನೀವು ಚೆನ್ನಾಗಿ ಮಲಗಿದಿರಿ, ನಡೆದಾಡಿದಿರಿ, ಹೋಳಿಗೆಯನ್ನೂ ಮೈ ತಡೆದುಕೊಂಡಿತು. ಹೋಳಿಗೆ ಒಳ್ಳೇದು ಅಂತ ಮಾತ್ರ ತಿಳೀಬೇಡಿ.

ದೊಡ್ಡ ಸಾಹೇಬರ ಪ್ರಶ್ನೆ ಬಹಳ ಚೆನ್ನಾಗಿ ಕೇಳಿದ್ದೀರಿ. ಹಿಂದೆ ಡಾಕ್ಟರುಗಳೂ ಹಾಗೇ ನಂಬಿದ್ದರು, ಹಾರ್ಟ್ ಅಟ್ಯಾಕ್ ಅಧಿಕಾರಿಗಳ ಕಾಯಿಲೆ ಅಂತ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಲೆಕ್ಕ ಉಲ್ಟಾ ಬಂತು. ಅತಿ ಕೆಳಗಿನ ದರ್ಜೆಯವರ ಸಾವಿನ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು. ಅವರೆಲ್ಲ ಬಡವರಲ್ಲ, ಸಂಬಳದ ಸರ್ಕಾರಿ ನೌಕರರೇ. ಸಿಗರೇಟು, ಬಿ.ಪಿ., ಕೊಬ್ಬು ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸದ ಒಂದು ಭಾಗಕ್ಕೆ ಮಾತ್ರ ಕಾರಣ ಸಿಕ್ಕಿತು. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ತಂಡ ಹತ್ತು ಸಾವಿರ ನೌಕರರನ್ನು ಇಟ್ಟುಕೊಂಡು ಎರಡನೇ ಅಧ್ಯಯನ ಶುರು ಮಾಡಿತು. ಅದರಲ್ಲಿ ಕಂಡದ್ದು: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹಾರ್ಟಿನ ಕಾಯಿಲೆ ಹೆಚ್ಚು. ಸಾಹೇಬರಿಗೆ ಹೊಣೆ ದೊಡ್ಡದಿರಬಹುದು, ಆದರೆ ಯಾವ ಫೈಲು ಮೊದಲು ಅಂತ ಹೇಳೋರು ಅವರೇ. ನಿಮಗೆ ಹೊಣೆಯೂ ಇದೆ, ಹಗ್ಗ ಮಾತ್ರ ಬೇರೆಯವರ ಕೈಯಲ್ಲಿದೆ. ನಮ್ಮಪ್ಪ ಗಿರಣಿ ಗೇಟಿನಲ್ಲಿ ಚೀಟಿ ಓದುತ್ತಿದ್ದದ್ದು ನನಗೆ ಅರ್ಥ ಆದದ್ದು ಈ ಅಧ್ಯಯನ ಓದಿದ ಮೇಲೆ.

ನಿಮ್ಮ ಕಚೇರಿಯನ್ನು ನಾನು ಸರಿ ಮಾಡಲಾರೆ. ಎಷ್ಟು ಹಿಡಿತ ಸಿಗುತ್ತೋ ಅಷ್ಟನ್ನಾದರೂ ತಗೊಳ್ಳಿ. ಮೂರು ಟೇಬಲ್ಲಿನ ಬಾಕಿ ಕೆಲಸವನ್ನು ಬರವಣಿಗೆಯಲ್ಲಿ ಮೇಲಧಿಕಾರಿಗೆ ಕೊಟ್ಟು ಯಾವುದು ಮೊದಲು ಅಂತ ಅವರಿಂದಲೇ ಗುರುತು ಹಾಕಿಸಿಕೊಳ್ಳಿ. ಮಧ್ಯಾಹ್ನದ ಊಟ ಟೇಬಲ್ಲಿನ ಮೇಲೆ ಬೇಡ, ಎದ್ದು ಹೋಗಿ ಸಹೋದ್ಯೋಗಿಗಳ ಜೊತೆ ಕೂತು ಉಣ್ಣಿ. ಸಂಜೆ ಕಚೇರಿಯಿಂದ ನೇರ ಮನೆಗೆ ಹೋಗದೆ ಅರ್ಧ ಗಂಟೆ ನಡೀರಿ. ಕೋಟೆಯ ಬುಡದಲ್ಲೇ ಇದ್ದೀರಿ, ಅಂಥ ಗಾಳಿ ನಮಗೆ ದಾವಣಗೆರೆಯಲ್ಲಿ ಸಿಗಲ್ಲ. ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ 180 ಇಳಿಯದಿದ್ದರೆ ಮಾತ್ರೆ ಬದಲಿಸಬೇಕು. ಒತ್ತಡ ಇದೆ ಅನ್ನೋ ಕಾರಣಕ್ಕೆ ಹೆಚ್ಚಿದ ಶುಗರನ್ನು ಹಾಗೇ ಬಿಡೋ ಹಾಗಿಲ್ಲ, ಕಣ್ಣು, ಕಿಡ್ನಿಗೆ ಅದು ಯಾಕೆ ಏರಿತು ಅಂತ ಬೇಕಾಗಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಅಣ್ಣ ತೀರಿಕೊಂಡ ಸುದ್ದಿ ಕೇಳಿ 62 ವರ್ಷದ ತಂಗಿ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿ ‘ಬ್ಲಾಕೇ ಇಲ್ಲ’ ಅಂದರಂತೆ. ಎದೆಯೊಡೆಯೋದು ಅನ್ನೋದು ನಿಜವೇ?
— ಹರಿಹರ

ಉತ್ತರ: ನಮ್ಮ ಭಾಷೆ ಬಹಳ ಹಿಂದೆಯೇ ಕಂಡುಕೊಂಡ ಮಾತಿಗೆ ವೈದ್ಯಶಾಸ್ತ್ರ ಹೆಸರಿಟ್ಟದ್ದು 1990ರಲ್ಲಿ. ಜಪಾನಿನ ವೈದ್ಯರು ಇದನ್ನು ಟಾಕೊಟ್ಸುಬೊ ಅಂದರು. ಹಠಾತ್ ಆಘಾತಕ್ಕೆ ಚಿಮ್ಮಿದ ಅಡ್ರಿನಲಿನ್ ಜಾತಿಯ ರಾಸಾಯನಿಕಗಳಿಗೆ ಹಾರ್ಟಿನ ತುದಿಭಾಗ ಸ್ವಲ್ಪ ಕಾಲ ಮರಗಟ್ಟಿ ಉಬ್ಬುತ್ತೆ. ಆಗಿನ ಆಕಾರ ಅಲ್ಲಿಯ ಮೀನುಗಾರರು ಆಕ್ಟೋಪಸ್ ಹಿಡಿಯೋಕೆ ಇಡೋ ಮಡಕೆಯ ಹಾಗೆ, ಕತ್ತು ಸಣ್ಣ ಹೊಟ್ಟೆ ದಪ್ಪ. ಅದೇ ಆ ಹೆಸರಿನ ಅರ್ಥ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಬಹಳಷ್ಟು ಜನ ಕೆಲವು ವಾರದಲ್ಲಿ ಸುಧಾರಿಸಿಕೊಳ್ತಾರೆ, ಆದರೆ ಮೊದಲ ದಿನಗಳು ಅಪಾಯದ್ದೇ. ಅವರನ್ನು ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಿದವರಿಗೆ ನನ್ನ ನಮಸ್ಕಾರ ತಿಳಿಸಿ. ನೋವು ಬಂದಾಗ ಇದು ದುಃಖದ್ದೋ ಬ್ಲಾಕಿನದ್ದೋ ಅಂತ ಮನೆಯಲ್ಲಿ ಯಾರೂ ಹೇಳೋಕಾಗಲ್ಲ.

ಪ್ರಶ್ನೆ: ಧ್ಯಾನ, ಪ್ರಾಣಾಯಾಮ ಶುರು ಮಾಡಿದ್ದೀನಿ. ಬಿ.ಪಿ. ಮಾತ್ರೆ ಬಿಡಬಹುದೇ?
— ಹೊನ್ನಾಳಿ

ಉತ್ತರ: ಬಿಡಬೇಡಿ. ಎರಡೂ ಜೊತೆಗೆ ನಡೀಲಿ. ಬಿ.ಪಿ. ಇಳೀತಾ ಬಂದರೆ ಮಾತ್ರೆ ಕಡಿಮೆ ಮಾಡೋ ಕೆಲಸ ನಿಮ್ಮ ಡಾಕ್ಟರಿಗೆ ಬಿಡಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದ್ತಾ ನೀಟ್ ಕೋಚಿಂಗ್‌ಗೆ ಹೋಗ್ತಿದ್ದೀನಿ. ಪ್ರತಿ ಭಾನುವಾರ ಟೆಸ್ಟ್. ಶನಿವಾರ ರಾತ್ರಿಯಿಂದಲೇ ಹೊಟ್ಟೆ ಹಿಂಡುತ್ತೆ, ಬೆಳಿಗ್ಗೆ ಮೂರು ನಾಲ್ಕು ಸಲ ಬಾತ್‌ರೂಮಿಗೆ ಓಡ್ತೀನಿ. ಮೂರು ತಿಂಗಳಿಂದ ಮುಟ್ಟೂ ಸರಿಯಾಗಿಲ್ಲ, ಕೂದಲು ಉದುರ್ತಿದೆ. ಸೋಮವಾರ ಎಲ್ಲ ಸರಿಹೋಗುತ್ತೆ. ಅಮ್ಮ ನನ್ನ ಫೀಸಿಗೆ ಬಂಗಾರ ಅಡ ಇಟ್ಟಿದ್ದಾರೆ, ಅವರಿಗೆ ಹೇಳೋಕೆ ಭಯ.
— ವಿದ್ಯಾರ್ಥಿನಿ

ಉತ್ತರ: ಪುಟ್ಟಿ, ಸೋಮವಾರ ಸರಿಹೋಗುತ್ತೆ ಅಂತ ಬರೆದೆಯಲ್ಲ, ಕಾಯಿಲೆಯ ಗುರುತು ನೀನೇ ಹಿಡಿದಿದ್ದೀಯ. ಕರುಳಿಗೆ ತನ್ನದೇ ದೊಡ್ಡ ನರಜಾಲ ಇದೆ, ಮೆದುಳಿನ ಜೊತೆ ಅದು ಸದಾ ಮಾತಾಡ್ತಾ ಇರುತ್ತೆ. ಮೆದುಳು ಹೆದರಿದರೆ ದೊಡ್ಡ ಕರುಳು ಬೇಗ ಬೇಗ ಹಿಂಡಿ ಇದ್ದದ್ದನ್ನು ಹೊರಗೆ ಹಾಕುತ್ತೆ. ಮುಟ್ಟು ಹಿಂದೆ ಮುಂದೆ ಆಗೋದೂ ಅಲ್ಲಿಂದಲೇ ಇರಬಹುದು, ಮುಟ್ಟಿನ ಹಾರ್ಮೋನುಗಳಿಗೂ ಒತ್ತಡದ ಹಾರ್ಮೋನುಗಳಿಗೂ ಹೈಪೋಥಲಮಸ್ ಒಂದೇ ಯಜಮಾನ. ಕೂದಲು ಉದುರೋದು ಸಾಮಾನ್ಯವಾಗಿ ಒತ್ತಡ ಶುರುವಾದ ಎರಡು ಮೂರು ತಿಂಗಳಿಗೆ ಕಾಣಿಸಿಕೊಳ್ಳುತ್ತೆ, ಮತ್ತೆ ಬರುತ್ತೆ. ಆದರೂ ರಕ್ತಹೀನತೆ ಮತ್ತು ಥೈರಾಯ್ಡ್ ಒಮ್ಮೆ ನೋಡಿಸಲೇಬೇಕು. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ದರೆ ಇದನ್ನು ಟೆನ್ಷನ್ ಅಂತ ಬಿಡಬಾರದು, ಬೇರೆ ಪರೀಕ್ಷೆ ಬೇಕು.

ಶನಿವಾರ ಸಂಜೆ ಮಿರ್ಚಿ ಮಂಡಕ್ಕಿ ಬೇಡ, ಬೇರೆ ದಿನ ತಿನ್ನು. ರಾತ್ರಿ ಎಚ್ಚರ ಇರೋಕೆ ಕುಡಿಯೋ ಟೀ ನಿಲ್ಲಿಸು, ಮೊಸರನ್ನ ತಿಂದು ಹತ್ತೂವರೆಗೆ ಮಲಗು. ಕೊನೆಯ ಆ ಮೂರು ಗಂಟೆ ಓದಿದ್ದು ಟೆಸ್ಟಿಗೆ ಬರೋದು ಬಹಳ ಕಡಿಮೆ, ನಾನೂ ಆ ಪರೀಕ್ಷೆಗಳನ್ನೆಲ್ಲ ಬರೆದವಳೇ. ಬೆಳಿಗ್ಗೆ ಹೊಟ್ಟೆ ಹಿಂಡಿದಾಗ ಕೂತು ಉಸಿರನ್ನು ನಿಧಾನವಾಗಿ ಬಿಡು, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡೋದು ಎರಡರಷ್ಟು ಹೊತ್ತು ಇರಲಿ. ಹತ್ತು ಸಲ ಮಾಡು.

ಅಮ್ಮ ಬಂಗಾರ ಅಡ ಇಟ್ಟಿದ್ದು ನೀನು ಚೆನ್ನಾಗಿರಲಿ ಅಂತ. ನೀನು ಮೂರು ತಿಂಗಳಿಂದ ಹೊಟ್ಟೆ ಹಿಡ್ಕೊಂಡು ಕೂತಿರೋದು ಅವರಿಗೆ ಗೊತ್ತಾಗದೇ ಇರೋದೇ ಅವರಿಗೆ ಆಗ್ತಿರೋ ಮೋಸ. ಈ ಭಾನುವಾರ ಟೆಸ್ಟ್ ಮುಗಿಸಿ ಫೋನ್ ಮಾಡು. ‘ಊಟ ಆಯ್ತಾ’ ಅಂತ ಕೇಳ್ತಾರೆ. ‘ಹ್ಞೂಂ’ ಅಂದು ಇಡಬೇಡ. ‘ಅಮ್ಮಾ, ಬೆಳಿಗ್ಗೆ ನಾಲ್ಕು ಸಲ ಬಾತ್‌ರೂಮಿಗೆ ಹೋದೆ, ನೀನು ಒಂದು ದಿನ ಬಂದು ಹೋಗು’ ಅಂತ ಹೇಳು. ಅವರು ಬಂದಾಗ ಇಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಮುಟ್ಟಿನ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು.